ಎಳೆಯ ಮಕ್ಕಳ ಮಾತಿನ ತೊಡಕನ್ನು ಯಂತ್ರ ಮತ್ತು ಫೋನಿನ ನೆರವಿನಿಂದ ಬೇಗ ಗುರುತಿಸುವ ಬಗೆ: ಮೈಸೂರು, ಮಂಡ್ಯದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷ ತುಂಬಿದ ಮಗು ಇನ್ನೂ ಮಾತಾಡುತ್ತಿಲ್ಲವೆಂದರೆ ಮಂಡ್ಯ ಸೀಮೆಯ ಮನೆಗಳಲ್ಲಿ ಮೊದಲು ಕೇಳಿಬರುವ ಉತ್ತರ ‘ಅವ್ರಪ್ಪನ್ಗೂ ತಡವಾಗೇ ಬಂತು, ಬತ್ತದೆ ಬುಡಿ’ ಎಂಬುದು. ಆಮೇಲೆ ಬಜೆ ತೇಯ್ದು ನಾಲಗೆಗೆ ಸವರುವುದು, ಹರಕೆ ಹೊರುವುದು. ಇತ್ತೀಚೆಗೆ ಇವೆರಡರ ಜೊತೆಗೆ ಫೋನಿಗೆ ಯಾವುದೋ ಆ್ಯಪ್ ಇಳಿಸಿಕೊಂಡು ಅದು ಕೊಡುವ ಅಂಕ ನೋಡಿ ಹೆದರುವುದು ಅಥವಾ ನಿರಾಳವಾಗುವುದು. ಹಿರಿಯರ ಮಾತು ಎಷ್ಟೋ ಸಲ ನಿಜವೂ ಆಗುತ್ತದೆ, ತಡವಾಗಿ ಮಾತು ಕಲಿತ ಅನೇಕ ಮಕ್ಕಳು ಮುಂದೆ ಓರಗೆಯವರನ್ನು ಸೇರಿಕೊಳ್ಳುತ್ತಾರೆ. ಆದರೆ ಯಾವ ಮಗು ಹಾಗೆ ಸೇರಿಕೊಳ್ಳುತ್ತದೆ, ಯಾವುದು ಹಿಂದೆಯೇ ಉಳಿಯುತ್ತದೆ ಎಂಬುದನ್ನು ಮನೆಯವರು ಕಣ್ಣಳತೆಯಲ್ಲಿ ಹೇಳಲಾರರು. ಕಾಯುತ್ತ ಕಳೆದ ವರ್ಷಗಳಾದರೋ ಭಾಷೆ ಅತಿ ಸುಲಭವಾಗಿ ಮೈಗೂಡುವ ವರ್ಷಗಳು.

ತಂತ್ರಜ್ಞಾನವು ಈ ಕೆಲಸದಲ್ಲಿ ನಿಜಕ್ಕೂ ನೆರವಾಗುವ ಜಾಗಗಳು ಎರಡು: ಕಿವಿಯನ್ನು ಪರೀಕ್ಷಿಸುವ ಆಸ್ಪತ್ರೆಯ ಯಂತ್ರ, ಮತ್ತು ಮಗುವಿನ ಮಾತನ್ನು ಇದ್ದ ಹಾಗೆಯೇ ಹಿಡಿದಿಡುವ ಸಾಧಾರಣ ಫೋನ್. ತೀರ್ಪು ಕೊಡುವ ಆ್ಯಪ್‌ಗಳಿಗೆ ನಾನು ಕೊಡುವ ಸ್ಥಾನ ಇವುಗಳ ನಂತರದ್ದು. ಹೆಜ್ಜೆಗಳ ಕ್ರಮವೂ ಅದಕ್ಕೆ ತಕ್ಕಂತೆಯೇ ಇದೆ. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ತಂದೆತಾಯಿಯರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಮಾತಿಗೆ ಮೊದಲು ಕಿವಿ

ಮಾತು ತಡವಾದ ಮಗುವಿನ ವಿಷಯದಲ್ಲಿ ಮೊಟ್ಟಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಇದನ್ನು ದಾಟಿ ಮುಂದಿನ ಯಾವ ಹೆಜ್ಜೆಗೂ ಹೋಗಬಾರದು. ‘ನಮ್ಮ ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ತಟ್ಟೆ ಬಿದ್ದರೆ ತಿರುಗಿ ನೋಡುತ್ತದೆ’ ಎನ್ನುವವರು ಬಹಳ. ತಟ್ಟೆಯ ಸದ್ದು ದೊಡ್ಡದು. ಅದಕ್ಕೆ ತಿರುಗುವ ಮಗುವಿಗೆ ಮಾತಿನೊಳಗಿನ ‘ಸ’, ‘ಶ’, ‘ತ’ಗಳಂಥ ತೆಳುವಾದ ಧ್ವನಿಗಳು ಕೇಳದೆ ಇರಬಹುದು. ಹಾಗೆ ಅರ್ಧಂಬರ್ಧ ಕೇಳಿಸಿಕೊಳ್ಳುವ ಮಗು ಅರ್ಧಂಬರ್ಧ ಮಾತನ್ನೇ ಕಲಿಯುತ್ತದೆ.

ನವಜಾತ ಶಿಶುವಿಗೆ ಮಾಡುವ ಪರೀಕ್ಷೆಯನ್ನು ಓಎಇ ಎಂದು ಕರೆಯುತ್ತಾರೆ. ಮಗು ಮಲಗಿರುವಾಗ ಕಿವಿಯ ತೂತಿಗೆ ಮೆತ್ತನೆಯ ಪುಟ್ಟ ತುದಿಯೊಂದನ್ನಿಟ್ಟು ಸಣ್ಣ ಸದ್ದುಗಳನ್ನು ಕಳಿಸಿದಾಗ, ಒಳಗಿವಿಯ ಕೂದಲಕೋಶಗಳು ಆರೋಗ್ಯವಾಗಿದ್ದರೆ ಅವು ತಾವೇ ಅತಿ ಕ್ಷೀಣವಾದ ಮರುಸದ್ದನ್ನು ಹೊರಡಿಸುತ್ತವೆ, ಯಂತ್ರವು ಅದನ್ನು ಹಿಡಿಯುತ್ತದೆ. ಕಿವಿಯೇ ಸದ್ದು ಮಾಡುತ್ತದೆಂಬ ಈ ಸಂಗತಿಯನ್ನು 1978ರಲ್ಲಿ ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿಕೊಟ್ಟರು. ಪರೀಕ್ಷೆಯಲ್ಲಿ ನೋವಿಲ್ಲ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಚೀಟಿಯಲ್ಲಿ ‘ಪಾಸ್’ ಅಥವಾ ‘ರೆಫರ್’ ಎಂದು ಬರುತ್ತದೆ. ‘ರೆಫರ್’ ಎಂದರೆ ಕಿವುಡು ಎಂದಲ್ಲ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯೊಳಗೆ ಉಳಿದಿರುವ ದ್ರವ, ಲೋಳೆಯಿಂದಲೂ ಹಾಗಾಗುವುದುಂಟು, ಆದುದರಿಂದ ಮತ್ತೆ ಪರೀಕ್ಷಿಸಬೇಕು. ಆ ಮರುಪರೀಕ್ಷೆಗೆ ಹೋಗದೆ ಚೀಟಿಯನ್ನು ಬೀರುವಿನಲ್ಲಿಟ್ಟು ಮರೆಯುವುದೇ ನಮ್ಮಲ್ಲಿ ಆಗುವ ದೊಡ್ಡ ಅನಾಹುತ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ: ಈ 1-3-6ರ ಲೆಕ್ಕವನ್ನು ಪ್ರಪಂಚದಾದ್ಯಂತ ವೈದ್ಯರು ಒಪ್ಪುತ್ತಾರೆ.

‘ಪಾಸ್’ ಎಂದು ಬಂದ ಮಾತ್ರಕ್ಕೆ ಜೀವನಪೂರ್ತಿ ನಿಶ್ಚಿಂತೆ ಎಂದೂ ತಿಳಿಯಬಾರದು. ಓಎಇ ಒಳಗಿವಿಯ ತನಕ ಮಾತ್ರ ನೋಡುತ್ತದೆ. ಅಲ್ಲಿಂದ ಮಿದುಳಿಗೆ ಹೋಗುವ ನರದ ದಾರಿಯನ್ನು ನೋಡಲು ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ‘ಬೇರಾ’ (BERA) ಎಂಬ ಪರೀಕ್ಷೆ ಬೇಕು. ಹುಟ್ಟಿದೊಡನೆ ಐದು ದಿನಕ್ಕಿಂತ ಹೆಚ್ಚು ಕಾಲ ತೀವ್ರ ನಿಗಾ ಘಟಕದಲ್ಲಿದ್ದ, ರಕ್ತ ಬದಲಾಯಿಸುವಷ್ಟು ತೀವ್ರವಾದ ಕಾಮಾಲೆಯಾಗಿದ್ದ, ಮಿದುಳುಪೊರೆಯ ಸೋಂಕು ತಗಲಿದ ಮಕ್ಕಳಿಗೆ ಬೇರಾ ಮಾಡಿಸಲೇಬೇಕೆಂದು ಕೇಳಿ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ವಂಶವಾಹಿ ಕಿವುಡಿನ ಸಾಧ್ಯತೆ ಹೆಚ್ಚು. ಇದನ್ನು ಮುಜುಗರಪಡದೆ ವೈದ್ಯರಿಗೆ ಹೇಳಬೇಕು.

ಇನ್ನು ಎರಡು ಮೂರು ವರ್ಷದ ಮಕ್ಕಳಲ್ಲಿ ಪದೇ ಪದೇ ನೆಗಡಿಯಾಗಿ ನಡುಗಿವಿಯಲ್ಲಿ ನೀರು ನಿಲ್ಲುವುದುಂಟು. ನೋವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಕೇಳಿಸುವುದು ಮಾತ್ರ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. ಕಿವಿಯ ತಮಟೆಯ ಚಲನೆಯನ್ನು ಗಾಳಿಯ ಒತ್ತಡದಿಂದ ಅಳೆಯುವ ಟಿಂಪನೋಮೀಟರ್ ಇದನ್ನು ಸುಲಭವಾಗಿ ಪತ್ತೆ ಮಾಡುತ್ತದೆ. ಫೋನಿನಲ್ಲಿ ಸಿಗುವ ಶ್ರವಣ ಪರೀಕ್ಷೆಯ ಆ್ಯಪ್‌ಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ದೊಡ್ಡವರಿಗಾಗಿ ಮಾಡಿದವು.

ಹೆಜ್ಜೆ 2: ಯಾವ ವಯಸ್ಸಿಗೆ ಏನನ್ನು ನಿರೀಕ್ಷಿಸಬೇಕೆಂದು ತಿಳಿಯುವುದು

ಮನೆಯಲ್ಲಿರುವ ತಾಯಿ ಕಾರ್ಡನ್ನು ಲಸಿಕೆಯ ದಿನಾಂಕಕ್ಕೆ ಮಾತ್ರ ತೆರೆಯುವುದು ರೂಢಿ. ಮಗುವಿನ ಬೆಳವಣಿಗೆಯ ಮೈಲಿಗಲ್ಲುಗಳನ್ನು ಹೇಳುವ ಪುಟ ಅದರಲ್ಲಿ ಇದ್ದರೆ ಅದನ್ನೂ ಓದಿ. ಒರಟಾಗಿ ಹೇಳುವುದಾದರೆ, ಹತ್ತು ತಿಂಗಳ ಹೊತ್ತಿಗೆ ‘ಬಾಬಾಬಾ’, ‘ದಾದಾದಾ’ ಎಂಬ ತೊದಲು ಸರಣಿ ಬರಬೇಕು, ಹೆಸರಿಡಿದು ಕರೆದರೆ ತಿರುಗಬೇಕು. ಒಂದು ವರ್ಷದ ಆಸುಪಾಸಿನಲ್ಲಿ ಒಂದೆರಡು ಪದ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದು. ಎರಡು ವರ್ಷಕ್ಕೆ ಸುಮಾರು 50 ಪದ ಮತ್ತು ‘ಅಪ್ಪ ಬಂದ’, ‘ಹಾಲು ಬೇಡ’ ಎಂಬಂಥ ಎರಡು ಪದಗಳ ಜೋಡಣೆ. ಮೂರು ವರ್ಷದ ಮಗುವಿನ ಮಾತಿನಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗಿನವರಿಗೂ ಅರ್ಥವಾಗಬೇಕು, ನಾಲ್ಕಕ್ಕೆ ಬಹುತೇಕ ಎಲ್ಲವೂ.

ಇಲ್ಲಿ ಕನ್ನಡದ್ದೇ ಆದ ಒಂದು ಸೂಕ್ಷ್ಮವಿದೆ. ‘ಎರಡು ಪದ ಜೋಡಿಸುತ್ತದೆಯೇ’ ಎಂಬ ಪ್ರಶ್ನೆ ಇಂಗ್ಲಿಷಿನಂಥ ಭಾಷೆಗಳಿಗೆ ಚೆನ್ನಾಗಿ ಹೊಂದುತ್ತದೆ. ನಾವಾದರೋ ಕರ್ತೃವನ್ನು ಬಿಟ್ಟು ‘ಬಂದ್ಳು’ ಎಂಬ ಒಂದೇ ಪದದಲ್ಲಿ ಯಾರು, ಏನು, ಯಾವಾಗ ಎಂಬ ಮೂರನ್ನೂ ಹೇಳಿಬಿಡುತ್ತೇವೆ. ಆದ್ದರಿಂದ ಪದಗಳನ್ನಷ್ಟೇ ಎಣಿಸಿದರೆ ಸಾಲದು. ‘ಮನೆ’ ಎನ್ನುತ್ತಿದ್ದ ಮಗು ‘ಮನೆಗೆ’, ‘ಮನೇಲಿ’ ಎನ್ನತೊಡಗಿತೇ, ‘ಬಾ’ ಎಂದಷ್ಟೇ ಹೇಳುತ್ತಿದ್ದುದು ‘ಬತ್ತೀನಿ’, ‘ಬಂದ’ ಎಂಬ ರೂಪಗಳಿಗೆ ಹೋಯಿತೇ ಎಂದು ನೋಡುವುದೇ ಕನ್ನಡದ ಮಗುವಿನ ಬೆಳವಣಿಗೆಯನ್ನು ಅಳೆಯುವ ಸರಿಯಾದ ದಾರಿ.

ಮನೆಯಲ್ಲಿ ಉರ್ದು, ತಮಿಳು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಶಿಶುವಿಹಾರದಲ್ಲಿ ಇಂಗ್ಲಿಷ್ ಎಂಬ ಸ್ಥಿತಿ ಮೈಸೂರಿನಲ್ಲಿ ಸಾಮಾನ್ಯ. ಹಲವು ಭಾಷೆ ಕೇಳುವುದರಿಂದ ಮಾತು ಕೆಡುವುದಿಲ್ಲ. ಎಲ್ಲ ಭಾಷೆಗಳ ಪದಗಳನ್ನೂ ಸೇರಿಸಿ ಎಣಿಸಿರಿ. ಮಾತು ತಡವಾಯಿತೆಂದು ಮನೆಮಾತನ್ನು ಬಿಡಿಸುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ಬಂದಿದ್ದ ಪದಗಳು ಹೋಗಿಬಿಟ್ಟರೆ, ಯಾವ ವಯಸ್ಸಿನಲ್ಲೇ ಆಗಲಿ, ಕೆಳಗಿನ ಹೆಜ್ಜೆಗಳಿಗಾಗಿ ಕಾಯದೆ ಅದೇ ವಾರ ತಜ್ಞರನ್ನು ಕಾಣಬೇಕು.

ಹೆಜ್ಜೆ 3: ಮಗುವಿನ ಮಾತನ್ನು ಸರಿಯಾಗಿ ರೆಕಾರ್ಡ್ ಮಾಡುವುದು

ತಜ್ಞರ ಕೋಣೆಗೆ ಹೋದ ಮಗು ಬಾಯಿ ಬಿಡುವುದಿಲ್ಲ. ಮುಕ್ಕಾಲು ಗಂಟೆ ತಾಯಿಯ ಸೆರಗು ಹಿಡಿದು ಕುಳಿತು, ಹೊರಗೆ ಬಂದು ಆಟೋ ಹತ್ತಿದ ಮೇಲೆ ಮಾತು ಶುರು ಮಾಡುತ್ತದೆ. ಮನೆಯಲ್ಲಿ ಮಾಡಿದ ರೆಕಾರ್ಡಿಂಗಿನ ಬೆಲೆ ಅಲ್ಲಿ ತಿಳಿಯುತ್ತದೆ. ಇನ್ನೊಂದು ಕಾರಣವೂ ಉಂಟು: ದಿನವೂ ಜೊತೆಗಿರುವ ತಾಯಿಗೆ ಮಗುವಿನ ಪ್ರತಿ ಸದ್ದೂ ಅರ್ಥವಾಗುವುದರಿಂದ, ಮಗು ನಿಜಕ್ಕೂ ಏನು ಉಚ್ಚರಿಸಿತು ಎಂಬುದು ಅವಳ ಕಿವಿಗೆ ಬೀಳುವುದೇ ಇಲ್ಲ, ಮಗು ಹೇಳಬೇಕೆಂದಿದ್ದುದೇ ಬೀಳುತ್ತದೆ.

ಧ್ವನಿಗಿಂತ ವಿಡಿಯೋ ಒಳ್ಳೆಯದು, ಏಕೆಂದರೆ ತುಟಿ, ನಾಲಗೆ, ಕಣ್ಣೋಟ, ಕೈಸನ್ನೆ ಎಲ್ಲವೂ ಬೇಕಾಗುತ್ತವೆ. ಮೂರು ಸಂದರ್ಭಗಳನ್ನು ಆರಿಸಿಕೊಳ್ಳಿ: ತನ್ನ ಪಾಡಿಗೆ ಆಡುವಾಗ, ಊಟದ ಹೊತ್ತು, ಮತ್ತು ಅಜ್ಜಿಯೋ ಇನ್ನೊಂದು ಮಗುವೋ ಜೊತೆಗಿರುವಾಗ. ಒಂದೊಂದೂ 15 ನಿಮಿಷವಾದರೂ ಇರಲಿ. ಫೋನನ್ನು ಮಗುವಿನಿಂದ ಒಂದು ಮೊಳ, ಹೆಚ್ಚೆಂದರೆ ಎರಡು ಮೊಳ ದೂರದಲ್ಲಿ ಡಬ್ಬಿಗೋ ದಿಂಬಿಗೋ ಒರಗಿಸಿಟ್ಟು, ಕರೆ ಬಂದು ಕೆಡದಂತೆ ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್, ಟಿವಿ, ಮಿಕ್ಸಿ ನಿಂತಿರಲಿ. ಕುಕ್ಕರ್ ಇಡುವ ಹೊತ್ತಂತೂ ಬೇಡವೇ ಬೇಡ.

ಆಮೇಲೆ ಮಾಡಬಾರದ ಒಂದು ಕೆಲಸವಿದೆ, ಅದನ್ನೇ ಎಲ್ಲರೂ ಮಾಡುತ್ತಾರೆ. ‘ಇದೇನು ಹೇಳು ಪುಟ್ಟ? ಹಸು ಹೆಂಗ್ ಕೂಗ್ತದೆ? ಮಾಮಂಗೆ ಟಾಟಾ ಹೇಳು’ ಎಂದು ಪರೀಕ್ಷೆ ನಡೆಸಿದರೆ ಸಿಗುವುದು ಕಲಿಸಿದ ಪದಗಳೇ ಹೊರತು ಮಗುವಿನ ಸ್ವಂತ ಭಾಷೆ ಅಲ್ಲ. ಕಬ್ಬಿನ ಟ್ರ್ಯಾಕ್ಟರಿನ ಗೊಂಬೆಯನ್ನೋ ಸ್ಟೀಲ್ ಲೋಟ, ಸೌಟು, ಕಡಲೆಕಾಯಿಯನ್ನೋ ಮುಂದಿಟ್ಟು ನೀವೂ ಆಡಿ. ಏನಾದರೂ ಹೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಆ ಮೌನ ದೊಡ್ಡವರಿಗೆ ಅಸಹನೀಯ, ಆದರೆ ಮಗು ಮಾತಾಡುವುದು ಅದರಲ್ಲಿಯೇ.

ರೆಕಾರ್ಡಿಂಗನ್ನು ತಜ್ಞರಿಗೆ ಕಳಿಸುವಾಗ ವಾಟ್ಸಾಪಿನ ಸಾಮಾನ್ಯ ವಿಡಿಯೋ ಆಗಿ ಕಳಿಸಬೇಡಿ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಕಡತವನ್ನು ಕುಗ್ಗಿಸುವಾಗ ಮೊದಲು ನಷ್ಟವಾಗುವುದು ಎತ್ತರದ ಆವರ್ತನಗಳು, ಅಂದರೆ ಕೀಚಲು ಸದ್ದುಗಳು. ‘ಸ’ ಧ್ವನಿಯ ಬಲವೆಲ್ಲ 4,000 ಹರ್ಟ್ಸ್‌ಗಿಂತ ಮೇಲಿರುವುದರಿಂದ, ಮಗು ‘ಸ’ ಹೇಳಿತೇ ‘ತ’ ಹೇಳಿತೇ ಎಂಬುದೇ ತಿಳಿಯದಂತಾಗಬಹುದು. ಹಳೆಯ ಬಗೆಯ ಫೋನ್ ಕರೆಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ದಾಟುತ್ತದೆ, ಹಾಗಾಗಿ ಕರೆಯಲ್ಲಿ ಮಗುವಿನ ಮಾತು ಕೇಳಿಸಿ ಅಭಿಪ್ರಾಯ ಕೇಳುವುದೂ ಸರಿಯಲ್ಲ. ‘ಗದ್ದಲ ತೆಗೆಯುವ’ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ, ಗದ್ದಲವೆಂದು ಅದು ತೆಗೆದದ್ದರಲ್ಲಿ ಮಗುವಿನ ವ್ಯಂಜನಗಳೂ ಇರುತ್ತವೆ. ಕಡತಕ್ಕೆ ದಿನಾಂಕ ಮತ್ತು ಮಗುವಿನ ವಯಸ್ಸನ್ನು ತಿಂಗಳಲ್ಲಿ ಹೆಸರಾಗಿ ಕೊಡಿ.

ಹೆಜ್ಜೆ 4: ಕೇಳಿದ್ದನ್ನು ಕೇಳಿದಂತೆಯೇ ಬರೆದಿಳಿಸುವುದು

ಒಂದು ನೋಟ್‌ಬುಕ್ಕಿನ ಹಾಳೆಯನ್ನು ಎರಡಾಗಿ ಮಡಚಿ, ಎಡಕ್ಕೆ ಮಗು ಉಚ್ಚರಿಸಿದ್ದು, ಬಲಕ್ಕೆ ಅದರ ಅರ್ಥ. ಕತ್ತೆಯನ್ನು ‘ತತ್ತೆ’ ಎಂದಿದ್ದರೆ ಹಾಗೆಯೇ ಬರೆಯಿರಿ. ಈ ಕೆಲಸಕ್ಕೆ ನಮ್ಮ ಲಿಪಿಯಷ್ಟು ಅನುಕೂಲವಾದದ್ದು ಮತ್ತೊಂದಿಲ್ಲ, ಕೇಳಿದಂತೆ ಬರೆಯಲು ಯಾವ ವಿಶೇಷ ಚಿಹ್ನೆಯೂ ಬೇಡ. 50 ಮಾತುಗಳನ್ನು ಬರೆದರೆ ಸಾಕು, ಒಂದು ನಮೂನೆ ಕಾಣತೊಡಗುತ್ತದೆ: ‘ಕ’ ಬರಬೇಕಾದಲ್ಲೆಲ್ಲ ‘ತ’, ‘ರ’ ಬರಬೇಕಾದಲ್ಲೆಲ್ಲ ‘ಲ’, ಅಥವಾ ಪದದ ಮೊದಲ ವ್ಯಂಜನವೇ ಮಾಯ. ಮೊದಲ ಎರಡು ಎಳೆಯ ಮಕ್ಕಳಲ್ಲಿ ಸಾಮಾನ್ಯ, ವಯಸ್ಸಿನೊಂದಿಗೆ ಹೋಗುತ್ತವೆ. ಸ್ವರಗಳೇ ತಪ್ಪುವುದು, ಒಂದೇ ಪದವನ್ನು ಪ್ರತಿಸಲವೂ ಬೇರೆಬೇರೆಯಾಗಿ ಹೇಳುವುದು, ಎಲ್ಲವೂ ಮೂಗಿನಿಂದ ಬರುವುದು ತಜ್ಞರ ಗಮನ ಬೇಡುವ ಲಕ್ಷಣಗಳು.

ನಂತರ ಅದೇ ರೆಕಾರ್ಡಿಂಗಿನ ಧ್ವನಿಯನ್ನಷ್ಟೇ, ಚಿತ್ರ ತೋರಿಸದೆ, ಮಗುವಿನ ಪರಿಚಯ ಅಷ್ಟಾಗಿ ಇಲ್ಲದ ಒಬ್ಬರಿಗೆ ಕೇಳಿಸಿ, ಅರ್ಥವಾದ ಪದಗಳನ್ನು ಎಣಿಸಲು ಹೇಳಿ. ಮೂರು ವರ್ಷದ ಮಗುವಿನ 100 ಪದಗಳಲ್ಲಿ ಅವರಿಗೆ 40 ಮಾತ್ರ ಅರ್ಥವಾದರೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಅಳತೆ ಇದ್ದಂತೆ.

ಈ ಬರವಣಿಗೆಯನ್ನು ಫೋನಿನ ಕನ್ನಡ ವಾಯ್ಸ್ ಟೈಪಿಂಗಿಗೆ ಒಪ್ಪಿಸುವ ಆಸೆ ಸಹಜ. ಒಪ್ಪಿಸಬೇಡಿ. ಆ ತಂತ್ರಾಂಶಗಳು ಬಹುಪಾಲು ದೊಡ್ಡವರ ಧ್ವನಿಯನ್ನು ಕೇಳಿ ಕಲಿತಂಥವು. ಮಗುವಿನ ಗಂಟಲು, ಬಾಯಿ ಚಿಕ್ಕದಾದ್ದರಿಂದ ಅದರ ಸ್ವರಗಳ ಅನುರಣನವೇ ಬೇರೆ ಎತ್ತರದಲ್ಲಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅವು ಕೇಳಿದ್ದನ್ನು ಬರೆಯುವುದಿಲ್ಲ, ಸಂಭವನೀಯವಾದ ಪದವನ್ನು ಊಹಿಸಿ ಬರೆಯುತ್ತವೆ. ಮಗು ‘ತತ್ತೆ’ ಎಂದರೆ ಫೋನ್ ‘ಕತ್ತೆ’ ಎಂದು ತಿದ್ದಿ ತೋರಿಸಬಹುದು. ನೀವು ಹುಡುಕುತ್ತಿದ್ದ ದೋಷವನ್ನೇ ಅದು ಅಳಿಸಿಹಾಕಿರುತ್ತದೆ.

ಉಗ್ಗಿನ ಅನುಮಾನವಿದ್ದರೆ ಲೆಕ್ಕ ಬೇರೆ. ‘ಆಮೇಲೆ ಆಮೇಲೆ’ ಎಂದು ಇಡೀ ಪದವನ್ನು ಸಲೀಸಾಗಿ ಮರಳಿ ಹೇಳುವುದು ಎರಡರಿಂದ ಐದು ವರ್ಷದ ನಡುವೆ ಸಾಮಾನ್ಯ. ‘ಅ-ಅ-ಅ-ಅಮ್ಮ’ ಎಂದು ಧ್ವನಿಯೊಂದೇ ಮರುಕಳಿಸುವುದು, ಎಳೆಯುವುದು, ಬಾಯಿ ತೆರೆದರೂ ಸದ್ದು ಹೊರಡದಿರುವುದು ಬೇರೆ ಬಗೆ. ನೂರು ಅಕ್ಷರಗಳಲ್ಲಿ ಇಂಥವು ಮೂರಕ್ಕಿಂತ ಹೆಚ್ಚಿದ್ದರೆ ತಜ್ಞರು ನೋಡಲಿ.

ಹೆಜ್ಜೆ 5: ಆಡುನುಡಿಯನ್ನು ದೋಷವೆಂದು ಬಗೆಯದಿರುವುದು

ನಮ್ಮ ಸೀಮೆಯವರು ಬಹಳ ಎಚ್ಚರದಿಂದ ಇರಬೇಕಾದ ಹೆಜ್ಜೆ ಇದು. ಮಳವಳ್ಳಿಯ ಹಳ್ಳಿಯೊಂದರ ಮಗು ‘ಆಲು’, ‘ಅಳ್ಳಿ’, ‘ಓಯ್ತೀನಿ’ ಎಂದರೆ ಅದಕ್ಕೆ ‘ಹ’ ಬಾರದು ಎಂದಲ್ಲ. ಅದರ ತಾಯಿ, ಅಜ್ಜಿ, ಊರು ಎಲ್ಲವೂ ಹಾಗೆಯೇ ಆಡುತ್ತವೆ. ‘ಶಾಲೆ’ಗೆ ‘ಸಾಲೆ’, ‘ಭೂಮಿ’ಗೆ ‘ಬೂಮಿ’, ‘ಬಿಡು’ವಿಗೆ ‘ಬುಡು’ ಎನ್ನುವುದೂ ಹಾಗೆಯೇ. ಪುಸ್ತಕದ ಕನ್ನಡಕ್ಕೆ ಹೋಲಿಸಿ ಅಂಕ ಕೊಡುವ ಯಾವುದೇ ಆ್ಯಪ್ ಇಂಥ ಮಗುವಿಗೆ ನಾಲ್ಕಾರು ತಪ್ಪುಗಳನ್ನು ಹಾಕುತ್ತದೆ. ಆಡುನುಡಿ ಅರಿಯದ ಶಿಕ್ಷಕರೂ ಹಾಕುತ್ತಾರೆ. ಪರಿಹಾರ ಸರಳ: ರೆಕಾರ್ಡಿಂಗಿನ ಕೊನೆಯಲ್ಲಿ ತಾಯಿಯೋ ಅಜ್ಜಿಯೋ ಅವೇ ಪದಗಳನ್ನು ತಮ್ಮ ಸಹಜ ರೀತಿಯಲ್ಲಿ ಹೇಳಲಿ. ಮಗುವನ್ನು ಹೋಲಿಸಬೇಕಾದದ್ದು ಆ ಧ್ವನಿಗೆ.

ಹೆಜ್ಜೆ 6: ಆ್ಯಪ್ ಮತ್ತು ಪ್ರಶ್ನಾವಳಿಗಳನ್ನು ಅಳೆದು ಬಳಸುವುದು

ಎಲ್ಲ ಆ್ಯಪ್‌ಗಳೂ ಕೆಲಸಕ್ಕೆ ಬಾರದವಲ್ಲ. ಮಗು ಮಾಡುವುದನ್ನು ಪೋಷಕರಿಂದ ಕೇಳಿ ತಿಳಿಯುವ ಪ್ರಶ್ನಾವಳಿಗಳು, ಧ್ವನಿ ಕೇಳಿ ‘ಕೃತಕ ಬುದ್ಧಿಮತ್ತೆಯಿಂದ’ ತೀರ್ಪು ಕೊಡುವ ಆ್ಯಪ್‌ಗಳಿಗಿಂತ ಸದ್ಯಕ್ಕೆ ಹೆಚ್ಚು ನಂಬಿಕೆಗೆ ಯೋಗ್ಯ. ಆಟಿಸಂ (ಒಡನಾಟ, ಸಂವಹನದಲ್ಲಿ ತೊಡಕು ತರುವ ಬೆಳವಣಿಗೆಯ ಸ್ಥಿತಿ) ಸೂಚನೆಗಳಿಗಾಗಿ 16ರಿಂದ 30 ತಿಂಗಳ ಮಕ್ಕಳಿಗೆ ಬಳಸುವ ಪರಿಷ್ಕೃತ ಎಂ-ಚಾಟ್ ಪ್ರಶ್ನಾವಳಿಯಲ್ಲಿ ಹೌದು–ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳಿವೆ. ಅನುಮಾನ ಹುಟ್ಟಿಸುವ ಉತ್ತರಗಳ ಸಂಖ್ಯೆ 0ರಿಂದ 2 ಬಂದರೆ ಅಪಾಯ ಕಡಿಮೆ, 3ರಿಂದ 7 ಬಂದರೆ ಮತ್ತಷ್ಟು ಪ್ರಶ್ನೆ ಕೇಳಬೇಕು, 8 ಅಥವಾ ಮೇಲೆ ಬಂದರೆ ನೇರವಾಗಿ ತಜ್ಞರಲ್ಲಿಗೆ. ಮಗುವಿನ ಅಂಗಿಯ ಜೇಬಿನಲ್ಲಿಟ್ಟರೆ ಇಡೀ ದಿನದ ಮಾತುಕತೆಯನ್ನು ದಾಖಲಿಸಿ ದೊಡ್ಡವರ ಪದಗಳನ್ನೂ ಮಾತಿನ ಸರದಿಗಳನ್ನೂ ಎಣಿಸುವ ಲೀನಾ ಎಂಬ ಅಮೆರಿಕದ ಉಪಕರಣವೂ ಇದೆ. ಅದು ಅಮೆರಿಕದ ಇಂಗ್ಲಿಷ್ ಮನೆಗಳನ್ನು ಆಧರಿಸಿ ರೂಪುಗೊಂಡದ್ದು. ನಾಲ್ಕು ಜನ ಒಟ್ಟಿಗೆ ಮಾತಾಡುವ ನಮ್ಮ ಕೂಡುಕುಟುಂಬದ ಹಜಾರದಲ್ಲಿ ಅದರ ಎಣಿಕೆಯನ್ನು ಹಾಗೆಯೇ ನಂಬುವಂತಿಲ್ಲ.

ಯಾವುದೇ ಆ್ಯಪ್ ಇಳಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದನ್ನು ಕನ್ನಡ ಮಾತಾಡುವ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆಯೇ, ಯಾವ ವಯಸ್ಸಿನವರ ಮೇಲೆ, ಮತ್ತು ಎಷ್ಟು ಸಲ ತಪ್ಪುತ್ತದೆ? ‘ಶೇಕಡ 85 ನಿಖರ’ ಎಂಬ ಜಾಹೀರಾತಿನ ಅರ್ಥವನ್ನು ಲೆಕ್ಕ ಹಾಕಿ ನೋಡೋಣ. ಒಂದು ವಲಯದ ಅಂಗನವಾಡಿಗಳಲ್ಲಿ 200 ಮಕ್ಕಳಿದ್ದು, ಅವರಲ್ಲಿ 20 ಮಕ್ಕಳಿಗೆ ನಿಜವಾಗಿ ತೊಡಕಿದೆ ಎಂದಿಟ್ಟುಕೊಳ್ಳಿ. ತೊಡಕಿರುವವರಲ್ಲಿ ಶೇಕಡ 80 ಮಂದಿಯನ್ನು ಆ್ಯಪ್ ಹಿಡಿದರೆ 16 ಮಕ್ಕಳು ಸಿಗುತ್ತಾರೆ, 4 ಮಕ್ಕಳು ತಪ್ಪಿಹೋಗುತ್ತಾರೆ. ತೊಡಕಿಲ್ಲದ 180 ಮಕ್ಕಳಲ್ಲಿ ಶೇಕಡ 85 ಮಂದಿಯನ್ನು ಸರಿ ಎಂದರೂ ಉಳಿದ 27 ಮಕ್ಕಳ ಮೇಲೆ ಕೆಂಪು ಗುರುತು ಬೀಳುತ್ತದೆ. ಹೀಗೆ ಕೆಂಪು ಬಂದ 43 ಮಕ್ಕಳಲ್ಲಿ ತೊಡಕಿರುವುದು 16 ಮಂದಿಗೆ. ಆದ್ದರಿಂದ ಕೆಂಪು ಬಂದರೆ ಅಳುತ್ತ ಕೂರಬಾರದು, ಪರೀಕ್ಷೆಗೆ ಹೋಗಬೇಕು; ಹಸಿರು ಬಂದರೂ ನಿಮ್ಮ ಮನಸ್ಸಿನಲ್ಲಿ ಅನುಮಾನ ಉಳಿದಿದ್ದರೆ ಆಗಲೂ ಹೋಗಬೇಕು.

ಮಾತು ಕಲಿಸುತ್ತೇವೆಂದು ಮಗುವಿನ ಕೈಗೇ ಫೋನ್ ಕೊಡುವ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂಬುದು ಭಾರತದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ತುತ್ತಿಗೊಂದು ವಿಡಿಯೋ ತೋರಿಸಿ ಉಣಿಸುವ ಮನೆಯಲ್ಲಿ ಊಟದ ಹೊತ್ತಿನ ಮಾತೇ ಇಲ್ಲವಾಗುತ್ತದೆ.

ಹೆಜ್ಜೆ 7: ಎಲ್ಲಿಗೆ, ಏನೇನು ತೆಗೆದುಕೊಂಡು ಹೋಗಬೇಕು

ಈ ವಿಷಯದಲ್ಲಿ ಮೈಸೂರು, ಮಂಡ್ಯದವರು ಭಾಗ್ಯವಂತರು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಊರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಎನ್ನುವುದು ಅದನ್ನೇ. ಓಎಇ, ಬೇರಾ, ಟಿಂಪನೋಮೆಟ್ರಿ, ಕನ್ನಡದಲ್ಲಿಯೇ ರೂಪಿಸಿದ ಉಚ್ಚಾರಣೆ ಮತ್ತು ಭಾಷಾ ಪರೀಕ್ಷೆಗಳು ಒಂದೇ ಆವರಣದಲ್ಲಿ ಸಿಗುತ್ತವೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳುಗಳಂಥ ಕಡೆ ಸಂಸ್ಥೆಯು ಗ್ರಾಮೀಣ ಸೇವಾ ಕೇಂದ್ರಗಳನ್ನು ತೆರೆದದ್ದುಂಟು. ಸೇವೆಯ ದಿನವನ್ನು ಮೊದಲೇ ವಿಚಾರಿಸಿ ಹೊರಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಗಿದ್ದು, ಅದರ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ತಂಡವು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುವ ಚೀಟಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವುದಾದರೆ ತಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಓಎಇ ಚೀಟಿ, ಬರೆದಿಳಿಸಿದ ಹಾಳೆ ಮತ್ತು ಮೂರು ವಿಡಿಯೋ ಜೊತೆಗಿರಲಿ. ವಿಡಿಯೋ ಪೂರ್ತಿ ನೋಡಲು ತಜ್ಞರಿಗೆ ಬಿಡುವಿರುವುದಿಲ್ಲ. ಮುಖ್ಯವಾದ ಎರಡು ನಿಮಿಷ ಎಲ್ಲಿದೆಯೆಂದು ಗುರುತು ಮಾಡಿಕೊಂಡು ಹೋಗಿ.

ಹೆಜ್ಜೆ 8: ಕಡತಗಳ ಕಾವಲು ಮತ್ತು ಮರು ರೆಕಾರ್ಡಿಂಗ್

ಮಗುವಿನ ವಿಡಿಯೋವನ್ನು ಕುಟುಂಬದ ಗುಂಪಿಗೆ ಹಾಕಿ ಅಭಿಪ್ರಾಯ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಗುವಿನ ಮಾಹಿತಿ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು; ಅಂಗನವಾಡಿಯಲ್ಲಿ ರೆಕಾರ್ಡ್ ಮಾಡುವವರೂ ಮೊದಲು ತಾಯಿತಂದೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ, ಕೆಲಸ ಮುಗಿದ ಮೇಲೆ ತಮ್ಮ ಫೋನಿನಿಂದ ಅಳಿಸಲಿ.

ತಜ್ಞರು ‘ಸದ್ಯಕ್ಕೆ ಕಾದು ನೋಡೋಣ’ ಎಂದರೆ ಎಷ್ಟು ದಿನ ಎಂದು ಕೇಳಿ, ದಿನಾಂಕ ಬರೆಸಿಕೊಳ್ಳಿ. ಮೂರು ತಿಂಗಳ ಬಳಿಕ ಅದೇ ಜಾಗದಲ್ಲಿ, ಅದೇ ಲೋಟ, ಸೌಟು, ಟ್ರ್ಯಾಕ್ಟರನ್ನು ಮುಂದಿಟ್ಟು, ಫೋನನ್ನು ಅಷ್ಟೇ ದೂರದಲ್ಲಿಟ್ಟು ಮತ್ತೆ 15 ನಿಮಿಷ ರೆಕಾರ್ಡ್ ಮಾಡಿ, ಹಳೆಯ ಹಾಳೆಯ ಪಕ್ಕದಲ್ಲೇ ಹೊಸ 50 ಮಾತುಗಳನ್ನು ಬರೆದು, ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಹೋಗಿ.